ಮೂಕಪೆಟ್ಟಿನ ಲೆಕ್ಕ: ಅಡಿಕೆ ಮರದಿಂದ ಬೀಳುವವರ ಬಗ್ಗೆ ನಮಗೆ ಗೊತ್ತಿರುವುದೆಷ್ಟು?

ಕೊನೆ ಬಿದ್ದ ಸದ್ದಿಗೂ ಆಳು ಬಿದ್ದ ಸದ್ದಿಗೂ ವ್ಯತ್ಯಾಸವಿದೆ. ಕೊನೆ ಬಿದ್ದರೆ ದೊಪ್ಪೆಂದ ಬೆನ್ನಿಗೇ ಹಸಿ ಅಡಿಕೆ ಸೋಗೆಯ ಮೇಲೆ ಉರುಳಾಡುವ ಸದ್ದು ಕೇಳುತ್ತದೆ. ಆಳು ಬಿದ್ದರೆ ಒಂದೇ ಸದ್ದು, ಆಮೇಲೆ ಏನೂ ಇಲ್ಲ. ಮುತ್ತಿನಕೊಪ್ಪದ ಕಡೆ ಕೊನೆಗಾರರ ಜೊತೆ ಕೆಳಗೆ ಹಗ್ಗ ಹಿಡಿದೇ ಆಯುಷ್ಯ ಕಳೆದ ಹಿರಿಯರೊಬ್ಬರು ಒಮ್ಮೆ ನನಗೆ ಹೀಗೆ ಹೇಳಿದ್ದರು. ಅವರು ಕಂಡ ಒಂದು ಬೀಳುವಿಕೆಯಲ್ಲಿ ಬಿದ್ದವನು ತಾನೇ ಎದ್ದು, ಮಣ್ಣು ಕೊಡವಿಕೊಂಡು, ಜಗಲಿಗೆ ಬಂದು ಕಾಫಿ ಕುಡಿದನಂತೆ. ಎಡ ಭುಜ ಯಾಕೋ ನೋಯುತ್ತಿದೆ ಎಂದನಂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಖ ಬಿಳಿಚಿ ಕುಸಿದ. "ಒಂದು ಹನಿ ರಕ್ತ ಬರ್ಲಿಲ್ಲ ಮಾರಾಯ್ರೆ, ಅದಕ್ಕೇ ಯಾರಿಗೂ ಹೆದರಿಕೆ ಆಗ್ಲಿಲ್ಲ" ಎಂದರು.

ಪೊಲೀಸ್ ಠಾಣೆಯ ದೂರುಗಳಲ್ಲಿ ಇಂಥದ್ದಕ್ಕೆ ಒಂದು ಹಳೆಯ ಹೆಸರಿದೆ: ಮೂಕಪೆಟ್ಟು. ಕತ್ತಿಯ ಗಾಯ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮೊಂಡು ಪೆಟ್ಟು ಹಾಗಲ್ಲ; ಚರ್ಮದ ಹೊರಗೆ ಬಾಯಿ ಬಿಡದೆ ಒಳಗೆ ಕೆಲಸ ಮಾಡುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಮೈಗೆ ಮೂಕಪೆಟ್ಟು ಬೀಳುವ ದಾರಿಗಳು ಹಲವು. ಮಳೆಗಾಲದ ತಿರುವಿನಲ್ಲಿ ಜಾರುವ ಬೈಕು, ಗಾಳಿಗೆ ಉರುಳುವ ಮರ, ಕಾಫಿ ತೋಟದಲ್ಲಿ ಎದುರಾಗುವ ಕಾಟಿ, ಭದ್ರಾ ಹಿನ್ನೀರಿನ ಸುತ್ತಿನ ಆನೆ, ಎಲ್ಲವೂ ಇವೆ. ಇಲ್ಲಿ ನಾನು ಅಡಿಕೆ ಮರವನ್ನೇ ಹಿಡಿದುಕೊಂಡಿದ್ದೇನೆ. ಈ ಊರುಗಳ ಬದುಕು ಅದಕ್ಕೆ ಕಟ್ಟಿಹಾಕಿಕೊಂಡಿದೆ. ಆದರೂ ಅದರಿಂದ ಬೀಳುವವರ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ.

ಪೆಟ್ಟು ಒಳಗೆ ಏನು ಮಾಡುತ್ತದೆ

ಹನ್ನೆರಡು ಮೀಟರ್, ಅಂದರೆ ಸುಮಾರು ನಲವತ್ತು ಅಡಿ ಎತ್ತರದಿಂದ ಕೈ ಜಾರಿದವನು ನೆಲ ಮುಟ್ಟಲು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಮುಟ್ಟುವಾಗ ಅವನ ವೇಗ ಗಂಟೆಗೆ 55 ಕಿಲೋಮೀಟರ್. ಈ ವೇಗ ತಾನಾಗಿ ಯಾರನ್ನೂ ಕೊಲ್ಲುವುದಿಲ್ಲ. ಬಸ್ಸಿನಲ್ಲಿ ಕೂತ ನಾವೆಲ್ಲ ಅದೇ ವೇಗದಲ್ಲಿ ಹೋಗುತ್ತೇವೆ. ಕೊಲ್ಲುವುದು ನಿಲ್ಲುವ ರೀತಿ. ಬಿದ್ದ ಎತ್ತರವನ್ನು ಮೈ ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ ನೋಡಿ. ಗಟ್ಟಿ ನೆಲದಲ್ಲಿ ಹತ್ತು ಸೆಂಟಿಮೀಟರಿನೊಳಗೆ ನಿಂತರೆ ಮೈಮೇಲೆ ಬೀಳುವ ಸರಾಸರಿ ಹೊರೆ ಭೂಮಿಯ ಸೆಳೆತದ 120 ಪಟ್ಟು. ದಪ್ಪ ಸೊಪ್ಪು ಹೊದಿಸಿದ, ನೆನೆದ ಮಣ್ಣಿನಲ್ಲಿ ಮೂವತ್ತು ಸೆಂಟಿಮೀಟರ್ ಸಿಕ್ಕಿದರೆ ಅದು 40 ಪಟ್ಟಿಗೆ ಇಳಿಯುತ್ತದೆ. ಬಿದ್ದೂ ಬದುಕಿದವರ ಬಗ್ಗೆ "ದೇವರು ಕಾಪಾಡಿದ" ಎನ್ನುವಾಗ, ಆ ಕಾಪಾಡುವಿಕೆಯಲ್ಲಿ ತೋಟದ ಸೊಪ್ಪಿನ ಪಾಲೂ ಇರುತ್ತದೆ.

ಕಾಲೂರಿ ಬಿದ್ದರೆ ಪೆಟ್ಟು ಹಿಮ್ಮಡಿಯಿಂದ ಮೇಲೇರುತ್ತದೆ: ಹಿಮ್ಮಡಿಯ ಮೂಳೆ, ಮೊಣಕಾಲು, ಸೊಂಟದ ಬುಟ್ಟಿ, ಕೊನೆಗೆ ಎದೆಯ ಬೆನ್ನೆಲುಬು ಮುಗಿದು ಸೊಂಟದ ಬೆನ್ನೆಲುಬು ಶುರುವಾಗುವ ಜಾಗ. ಅಲ್ಲಿ ಮೂಳೆ ನಜ್ಜಾದರೆ ಬೆನ್ನುಹುರಿ ಒತ್ತಿಹೋಗುತ್ತದೆ. ಅದಕ್ಕೇ ಮೂಳೆ ವೈದ್ಯರು, ಎತ್ತರದಿಂದ ಬಿದ್ದವನ ಹಿಮ್ಮಡಿ ಮುರಿದಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಯದೆ ಬಿಡಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ಪಕ್ಕಕ್ಕೆ ಬಿದ್ದರೆ ಎಡಗಡೆಯ ಕೆಳ ಪಕ್ಕೆಲುಬುಗಳಡಿ ಇರುವ ಗುಲ್ಮ, ಬಲಗಡೆಯ ಯಕೃತ್ತು ಸೀಳುತ್ತವೆ. ಗುಲ್ಮದ ರಕ್ತ ವಪೆಯನ್ನು ಕೆಣಕಿದಾಗ ನೋವು ಕಾಣಿಸುವುದು ಎಡ ಭುಜದಲ್ಲಿ. ಜಗಲಿಯಲ್ಲಿ ಕಾಫಿ ಕುಡಿದವನು ಭುಜ ನೋಯುತ್ತದೆ ಎಂದದ್ದರ ಅರ್ಥ ಬಹುಶಃ ಅದೇ ಇದ್ದೀತು.

ಪೆಟ್ಟು ಎಷ್ಟು ದೊಡ್ಡದೆಂಬುದು ತಾಗಿಸಿಕೊಳ್ಳುವ ಮೈಯನ್ನೂ ಅವಲಂಬಿಸುತ್ತದೆ. ಮಲೇರಿಯಾದಿಂದ ಊದಿದ ಗುಲ್ಮ ಸಣ್ಣ ಏಟಿಗೂ ಒಡೆಯುತ್ತದೆ. 1876ರಲ್ಲಿ ಆಗ್ರಾದ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ ತನ್ನ ಕುದುರೆಯಾಳಿಗೆ ಹೊಡೆದು ಅವನು ಗುಲ್ಮ ಒಡೆದು ಸತ್ತಾಗ ಮ್ಯಾಜಿಸ್ಟ್ರೇಟರು ಹಾಕಿದ್ದು ಮೂವತ್ತು ರೂಪಾಯಿ ದಂಡ. ವೈಸರಾಯ್ ಲಿಟ್ಟನ್ ಅದನ್ನು ಟೀಕಿಸಿ ಟಿಪ್ಪಣಿ ಬರೆಯಬೇಕಾಯಿತು. ಸತ್ತವನ ಮೈಯೇ ದುರ್ಬಲವಾಗಿತ್ತು ಎಂದು ಹೇಳಿ ಹೊಡೆದವನನ್ನು ಬಿಡುವ ಜಾಣತನ ಹಳೆಯದು. ಮಲೇರಿಯಾಕ್ಕೆ ಹೆಸರಾಗಿದ್ದ ಮಲೆನಾಡಿನವರು ಈ ಕಥೆಯನ್ನು ಮರೆಯಬಾರದು.

ಕೊಟ್ಟೆಯಿಂದ ಮೈಲುತುತ್ತದವರೆಗೆ

ಬೀಳುವುದು ಹೊಸದಲ್ಲ. ಸುಶ್ರುತ ಸಂಹಿತೆ ಮೂಳೆ ಮುರಿಯುವ ಕಾರಣಗಳನ್ನು ಹೇಳುವಾಗ ಬೀಳುವುದನ್ನು ಮೊದಲಿಗೇ ಇಡುತ್ತದೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆ ಎಂದು ವಿಂಗಡಿಸುತ್ತದೆ. ನಮ್ಮ ಕಡೆಯ ನಾಟಿ ವೈದ್ಯರ ಕಟ್ಟು, ಎಣ್ಣೆ, ದಬ್ಬೆಗಳು ಇದೇ ಪರಂಪರೆಯವು. ಕೈಕಾಲಿನ ಸರಳ ಮುರಿತಕ್ಕೆ ಅವು ಒದಗಿದ್ದುಂಟು. ಬೆನ್ನಿಗೂ ಹೊಟ್ಟೆಗೂ ಎಣ್ಣೆ ತಿಕ್ಕಿ ಕಳೆದುಕೊಂಡ ಗಂಟೆಗಳೂ ಉಂಟು.

ಮರ ಹತ್ತುವ ಕೆಲಸ ಇಷ್ಟು ಅಪಾಯದ್ದಾದದ್ದರ ಹಿಂದೆ ಒಂದು ರೋಗದ ಚರಿತ್ರೆಯೂ ಇದೆ. ಮೊದಲು ಕೊಳೆರೋಗಕ್ಕೆ ಮದ್ದಿರಲಿಲ್ಲ. ಮಳೆ ಬಲಿಯುವ ಮುಂಚೆ ಕೊನೆಗಳಿಗೆ ನೀರು ತಾಗದ ಹೊದಿಕೆ, ಅಂದರೆ ಕೊಟ್ಟೆ, ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಶಿಲೀಂಧ್ರವನ್ನು ವಿವರಿಸಿದರು. ಬೋರ್ಡೊ ದ್ರಾವಣ ತೋಟಕ್ಕೆ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆಳೆ ಉಳಿಯಿತು. ಆದರೆ ಈ ಔಷಧಿಯನ್ನು ಮಳೆಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಆ ಎರಡನೆಯ ಸಲ ಬರುವುದು ನಡುಮಳೆಗಾಲದಲ್ಲಿ; ಪುಷ್ಯ, ಆಶ್ಲೇಷ ಮಳೆಗಳ ನಡುವೆ ಸಿಕ್ಕ ಒಂದೆರಡು ಗಂಟೆಯ ಹೊಳವಿನಲ್ಲಿ, ಪಾಚಿ ಹಿಡಿದ ಮರದಲ್ಲಿ. ಬೆಳೆಯನ್ನು ಕಾಯುವ ವಿಜ್ಞಾನ ಆಳನ್ನು ಒದ್ದೆ ಮರಕ್ಕೆ ಹತ್ತಿಸಿತು ಎಂದು ನನಗನ್ನಿಸುತ್ತದೆ. ಇದು ಕೋಲ್ಮನ್ನರ ಮೇಲಿನ ದೂರಲ್ಲ.

ಎಕರೆಗೆ ಸುಮಾರು 550 ಮರ. ಎರಡು ಸಲ ಔಷಧಿ, ಸೆಪ್ಟೆಂಬರಿನಿಂದ ಮುಂದೆ ಮೂರು ಕೊಯ್ಲು ಎಂದರೂ ಎಕರೆಯೊಂದರಲ್ಲಿ ವರ್ಷಕ್ಕೆ 2,750 ಸಲ ಯಾರೋ ಒಬ್ಬರು ಮರದ ತಲೆ ಮುಟ್ಟಬೇಕು. ಅಷ್ಟೂ ಸಲ ಬುಡದಿಂದ ಹತ್ತುವುದಿಲ್ಲ. ಮರವನ್ನು ತೂಗಿಸಿ ಪಕ್ಕದ ಮರದ ಸೋಗೆ ಹಿಡಿದು ದಾಟುತ್ತಾರೆ. ಹತ್ತುವ ಶ್ರಮ ಉಳಿಯುತ್ತದೆ. ದಾಟುವ ಕ್ಷಣದ ಅಪಾಯ ಸೇರಿಕೊಳ್ಳುತ್ತದೆ.

ಮೊದಲ ಪಕ್ಷ: ಕೊನೆಗಾರನದೇ ತಪ್ಪು

"ಅವ ಸ್ವಲ್ಪ ಹಾಕಿದ್ದ", "ಅವಸರ ಮಾಡ್ದ", "ಹೊಸಬ". ಯಾರಾದರೂ ಬಿದ್ದಾಗ ಊರು ಮೊದಲು ಆಡುವ ಮಾತು ಇವು. ಪಾಶ್ಚಾತ್ಯರಲ್ಲೂ ಇದು ಒಂದು ಕಾಲಕ್ಕೆ ಶಾಸ್ತ್ರವೇ ಆಗಿತ್ತು. 1919ರಲ್ಲಿ ಬ್ರಿಟನ್ನಿನ ಗ್ರೀನ್‌ವುಡ್ ಮತ್ತು ವುಡ್ಸ್ ಮದ್ದುಗುಂಡು ಕಾರ್ಖಾನೆಗಳ ಲೆಕ್ಕ ನೋಡಿ, ಕೆಲವರಿಗೇ ಮತ್ತೆ ಮತ್ತೆ ಅಪಘಾತವಾಗುತ್ತದೆ ಎಂದರು. 1931ರಲ್ಲಿ ಅಮೆರಿಕದ ವಿಮಾ ಕಂಪನಿಯ ಹೈನ್ರಿಚ್, ಕಾರ್ಖಾನೆ ಅಪಘಾತಗಳಲ್ಲಿ 88 ಶೇಕಡಾ ಕೆಲಸಗಾರನ ಅಸುರಕ್ಷಿತ ನಡತೆಯಿಂದ ಎಂದು ಬರೆದರು. ಆ ಅಂಕಿ ದಶಕಗಟ್ಟಲೆ ಕಾರ್ಖಾನೆ ಗೋಡೆಗಳ ಮೇಲೆ ತೂಗಿತು. ಅದರ ಮೂಲ ಬಹುಮಟ್ಟಿಗೆ ಮೇಸ್ತ್ರಿಗಳು ಬರೆದ ವರದಿ ಎಂಬುದನ್ನು ಬಹಳ ಜನ ಗಮನಿಸಲಿಲ್ಲ.

ಈ ಪಕ್ಷದಲ್ಲಿ ಸತ್ಯವೇ ಇಲ್ಲ ಎನ್ನಲಾಗದು. ಕೌಶಲಕ್ಕೆ ಬೆಲೆಯಿದೆ. ನುರಿತ ಕೊನೆಗಾರ ಹತ್ತುವ ಮುಂಚೆ ಮರವನ್ನು ಓದುತ್ತಾನೆ. ನೈಋತ್ಯ ದಿಕ್ಕಿನ ಬಿಸಿಲು ತಿಂದು ಕಾಂಡ ಸೀಳಿದೆಯೇ, ಬುಡದಲ್ಲಿ ಅಣಬೆರೋಗದ ಗುರುತಿದೆಯೇ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ ಎಂದು ನೋಡುತ್ತಾನೆ. ಮರವೇ ಮುರಿದು ಆಳಿನ ಸಮೇತ ಬೀಳುವುದು ಇಂಥ ಕಡೆ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ‘ಅಡಿಕೆ ಕೌಶಲ್ಯ ಪಡೆ’ ಹೆಸರಿನಲ್ಲಿ ತರಬೇತಿ ಶಿಬಿರ ನಡೆದದ್ದೂ, ಕೇರಳದಲ್ಲಿ 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ‘ತೆಂಗಿನ ಮರದ ಗೆಳೆಯರು’ ಎಂಬ ಪಡೆ ಕಟ್ಟಿದ್ದೂ ಕೌಶಲವನ್ನು ನಂಬಿಯೇ.

ಆದರೆ ಇಪ್ಪತ್ತು ಮೂವತ್ತು ವರ್ಷ ಒಂದೂ ತಪ್ಪಿಲ್ಲದೆ ಹತ್ತಿದವರೂ ಬೀಳುತ್ತಾರೆ. ವರ್ಷಕ್ಕೆ ಸಾವಿರಾರು ಸಲ ಸರಿಯಾಗಿ ಮಾಡಿದ ಕೆಲಸದಲ್ಲಿ ಒಂದು ಸಲ ತಪ್ಪಿದರೆ ಅದನ್ನು ನಡತೆ ಎನ್ನಬಹುದೇ? ಈ ಪಕ್ಷದ ಬಳಿ ಇದಕ್ಕೆ ಉತ್ತರವಿಲ್ಲ.

ಎರಡನೆಯದು: ಜಾರಲಿ, ಆದರೆ ಸಾಯದಿರಲಿ

1917ರಲ್ಲಿ ತರಬೇತಿಯ ವಿಮಾನ ಡಿಕ್ಕಿಯಲ್ಲಿ ಬದುಕುಳಿದ ಹ್ಯೂ ಡಿ ಹೇವನ್ ಎಂಬ ಅಮೆರಿಕನ್ನನಿಗೆ ತಾನು ಯಾಕೆ ಸಾಯಲಿಲ್ಲ ಎಂಬ ಪ್ರಶ್ನೆ ಅಂಟಿಕೊಂಡಿತು. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರನ್ನು ಹುಡುಕಿ, ಬಿದ್ದ ಜಾಗ ಎಷ್ಟು ತಗ್ಗಿತು ಎಂದು ಅಳೆದು 1942ರಲ್ಲಿ ಲೇಖನ ಬರೆದ. ಮನುಷ್ಯನ ಮೈ ನಾವಂದುಕೊಂಡದ್ದಕ್ಕಿಂತ ಹೆಚ್ಚು ತಾಳುತ್ತದೆ, ನಿಲ್ಲಲು ದೂರ ಸಿಗಬೇಕು, ಪೆಟ್ಟು ಹರಡಬೇಕು ಎಂಬುದು ಅವನ ತೀರ್ಮಾನ. ಮುಂದೆ ವಿಲಿಯಂ ಹ್ಯಾಡನ್ ಎಂಬ ವೈದ್ಯ ಗಾಯವನ್ನು ಮಲೇರಿಯಾದಂತೆ ನೋಡಿದ. ಅಲ್ಲಿ ರೋಗಾಣುವಿದ್ದ ಜಾಗದಲ್ಲಿ ಇಲ್ಲಿ ಶಕ್ತಿ. ಮುಂಚೆ, ಆಗ, ಆಮೇಲೆ ಎಂಬ ಮೂರು ಹೊತ್ತು. ಮನುಷ್ಯ, ಸಾಧನ, ಪರಿಸರ ಎಂಬ ಮೂರು ಮನೆ. ಕಾರಿನ ಸೀಟ್ ಬೆಲ್ಟು ಬಂದದ್ದು ಈ ಯೋಚನೆಯ ಬೆನ್ನು ಹತ್ತಿ.

ತೋಟಕ್ಕೆ ಇದನ್ನು ತಂದರೆ ಸಿಗುವುದು ಸೊಂಟ, ತೊಡೆಗಳಿಗೆ ಕಟ್ಟುವ ಹಾರ್ನೆಸ್ ಮತ್ತು ಮರಕ್ಕೆ ಸುತ್ತಿದ ಹಗ್ಗ. ಬೀಳುವವನನ್ನು ತಡೆಯುವಾಗ ಮೈಗೆ ತಾಗುವ ಬಲ 6 ಕಿಲೋನ್ಯೂಟನ್ ಮೀರಬಾರದೆಂಬುದು ಕೈಗಾರಿಕಾ ಮಾನದಂಡ. ನಮ್ಮಲ್ಲೂ ಐಎಸ್ 3521 ಎಂಬ ಮಾನದಂಡವಿದೆ. ಕೊನೆಗಾರರು ಇದನ್ನು ಒಪ್ಪುವುದು ಅಪರೂಪ. ಸೋಮಾರಿತನ ಎಂದು ತಳ್ಳಿಹಾಕುವ ಮೊದಲು ಅವರ ವಾದ ಕೇಳಬೇಕು. ಬೆಲ್ಟು ಬಿಗಿದರೆ ಮೈ ಬಗ್ಗುವುದಿಲ್ಲ, ಮರಕ್ಕೊಂದು ಸಲ ಬಿಚ್ಚಿ ಕಟ್ಟಬೇಕು, ಮರದ ಲೆಕ್ಕದಲ್ಲಿ ಕೂಲಿ ಕೊಡುವಾಗ ಆ ನಿಮಿಷಗಳ ಹಣ ಯಾರದು?

ತಲೆಗೆ ಹೆಲ್ಮೆಟ್ ಎನ್ನುವವರೂ ಇದ್ದಾರೆ. ಕೆಳಗೆ ನಿಂತವನಿಗೆ ಅದು ಬೇಕೇ ಬೇಕು, ಆದರೆ ಅದರ ಮಿತಿ ತಿಳಿದಿರಲಿ. ಯುರೋಪಿನ ಕೈಗಾರಿಕಾ ಹೆಲ್ಮೆಟ್ ಪರೀಕ್ಷೆಯಲ್ಲಿ ಅದರ ಮೇಲೆ ಐದು ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಬಿಡುತ್ತಾರೆ. ಐದು ಕಿಲೋ ತೂಗುವ ಕೊನೆ ಹನ್ನೆರಡು ಮೀಟರಿನಿಂದ ಬಿದ್ದರೆ ಪೆಟ್ಟಿನ ಶಕ್ತಿ ಅದರ ಹನ್ನೆರಡು ಪಟ್ಟು. ಪಪುವಾ ನ್ಯೂಗಿನಿಯ ಆಸ್ಪತ್ರೆಯೊಂದರಲ್ಲಿ ಪೀಟರ್ ಬಾರ್ಸ್ ಎಂಬ ವೈದ್ಯ ನಾಲ್ಕು ವರ್ಷದ ದಾಖಲೆ ನೋಡಿ, ಗಾಯಗೊಂಡು ಸೇರಿದವರಲ್ಲಿ 2.5 ಶೇಕಡಾ ತೆಂಗಿನಕಾಯಿ ತಲೆಗೆ ಬಿದ್ದವರು ಎಂದು 1984ರಲ್ಲಿ ಬರೆದಿದ್ದ. ಆ ಲೇಖನಕ್ಕೆ 2001ರಲ್ಲಿ ನಗೆಯ ನೊಬೆಲ್ ಎನ್ನಿಸಿಕೊಂಡ ಇಗ್ ನೊಬೆಲ್ ಸಿಕ್ಕಿತು. ತೋಟದ ಕೆಳಗೆ ನಿಂತವರಿಗೆ ಅದರಲ್ಲಿ ನಗು ಕಾಣುವುದಿಲ್ಲ.

ಮೂರನೆಯದು: ಹತ್ತುವುದೇ ಬೇಡ

ಈಗ ಮಲೆನಾಡಿನಲ್ಲಿ ಗೆಲ್ಲುತ್ತಿರುವುದು ಈ ಪಕ್ಷ. ಕೊನೆಗಾರರ ಮಕ್ಕಳು ಮರ ಹತ್ತುತ್ತಿಲ್ಲ. ಅವರು ಯಾಕೆ ಹತ್ತಬೇಕು? ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೋಮಲೆ ಗಣಪತಿ ಭಟ್ಟರು ಮಾಡಿದ ಮರ ಏರುವ ಬೈಕಿನ ವಿಡಿಯೋ 2019ರಲ್ಲಿ ದೇಶವಿಡೀ ಓಡಾಡಿತು. ಅದಕ್ಕಿಂತ ಸದ್ದಿಲ್ಲದೆ, ಅದಕ್ಕಿಂತ ಹೆಚ್ಚು ತೋಟಗಳಿಗೆ ಬಂದದ್ದು ಕಾರ್ಬನ್ ಫೈಬರ್ ದೋಟಿ. ಅರವತ್ತು ಅಡಿ ದಾಟುವ ಈ ಗಳುವಿನಿಂದ ನೆಲದಲ್ಲೇ ನಿಂತು ಕೊನೆ ಇಳಿಸಬಹುದು, ಔಷಧಿಯನ್ನೂ ಹೊಡೆಯಬಹುದು. ಬೇರು ಮಟ್ಟದ ಪರಿಹಾರ ಹುಡುಕಿದ ಸಿಪಿಸಿಆರ್‌ಐ, ಹಿರೇಹಳ್ಳಿಯಲ್ಲಿ ಸಿಕ್ಕ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತನಗರ ತಳಿಗಳೊಂದಿಗೆ ಕೂಡಿಸಿ ಎರಡು ಗಿಡ್ಡ ಸಂಕರ ತಳಿಗಳನ್ನು ಹೊರತಂದಿದೆ.

ಅಪಾಯ ಹೋಯಿತೇ? ಜಾಗ ಬದಲಿಸಿತು. ಗದ್ದೆಯಂಥ ಸಮ ತೋಟದಲ್ಲಿ ದೋಟಿ ಸಲೀಸು; ಇಳಿಜಾರಿನಲ್ಲಿ, ಎರಡು ಸಾಲಿಗೊಂದು ಕಪ್ಪು (ಬಸಿಗಾಲುವೆ) ಇರುವಲ್ಲಿ, ಮೇಲೆ ನೋಡುತ್ತ ಗಳು ಹೊತ್ತು ನಡೆಯುವವನು ಹಳ್ಳಕ್ಕೆ ಕಾಲು ಜಾರಿಸುತ್ತಾನೆ. ಕುತ್ತಿಗೆ, ಭುಜದ ನೋವು ಬೇರೆ. ಎಲ್ಲಕ್ಕಿಂತ ದೊಡ್ಡದು ವಿದ್ಯುತ್ ತಂತಿ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಪ್ರಾಣ ಹೋದದ್ದು ಅಡಿಕೆ ಸೀಮೆಗೆ ಹೊಸ ಸುದ್ದಿಯಲ್ಲ. ಕಾರ್ಬನ್ ಫೈಬರ್ ಲೋಹವಲ್ಲ, ಹಾಗಾಗಿ ಕರೆಂಟು ಹೊಡೆಯುವುದಿಲ್ಲ ಎಂದು ನಂಬಿರುವವರನ್ನು ನಾನು ಕಂಡಿದ್ದೇನೆ. ಅದು ತಪ್ಪು. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ.

ನಾಲ್ಕನೆಯದು: ಬಿದ್ದವನು ಯಾರ ಖಾತೆಗೆ?

ಕಾನೂನಿನ ಕಡೆಯಿಂದ ನೋಡುವವರು ಇನ್ನೊಂದು ಮಾತು ಹೇಳುತ್ತಾರೆ: ಬಿದ್ದುದರ ಬೆಲೆಯನ್ನು ಯಾರು ಕೊಡಬೇಕೋ ಅವರೇ ತಡೆಯಲು ದಾರಿ ಹುಡುಕುತ್ತಾರೆ. 1923ರ ಕೆಲಸಗಾರರ ಪರಿಹಾರ ಕಾಯ್ದೆಯ ಕೇಂದ್ರದ ಪಟ್ಟಿಯಲ್ಲಿ ಕಾಫಿ, ಟೀ, ರಬ್ಬರ್, ಏಲಕ್ಕಿ ಎಸ್ಟೇಟುಗಳು ಬಂದವು, ಅದೂ 25 ಜನಕ್ಕೆ ಕಡಿಮೆಯಿಲ್ಲದೆ ಇದ್ದರೆ. ತಾಳೆ ಮರದ ಶೇಂದಿ ಇಳಿಸುವವರು, ಮರ ಕಡಿಯುವವರು ಬಂದರು. ಅಡಿಕೆಯ ಹೆಸರು ಅಲ್ಲಿರಲಿಲ್ಲ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಿದೆ. ಅಡಿಕೆಗೆ ಅಂಥ ಮಂಡಳಿಯೇ ಇಲ್ಲ. ಎಲ್ಲರಿಗೂ ತೆರೆದಿರುವುದು 2015ರಲ್ಲಿ ಬಂದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ: ವರ್ಷಕ್ಕೆ 20 ರೂಪಾಯಿ, ಸಾವಿಗೆ ಅಥವಾ ಪೂರ್ಣ ಅಂಗವಿಕಲತೆಗೆ 2 ಲಕ್ಷ. ಕಂತು ಕಡಿತವಾಗುವ ದಿನ ಬ್ಯಾಂಕ್ ಖಾತೆಯಲ್ಲಿ 20 ರೂಪಾಯಿ ಇರದಿದ್ದರೆ ವಿಮೆಯೂ ಇಲ್ಲ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಿ. ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ರಾಜ್ಯ ಸರ್ಕಾರ 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಅದು ಸಲ್ಲಬೇಕಾದದ್ದೇ. ಆನೆ ಎತ್ತಿ ಒಗೆದರೂ ಮರದಿಂದ ಕೈ ಜಾರಿದರೂ ಪಕ್ಕೆಲುಬು ಮುರಿಯುವುದು ಒಂದೇ ರೀತಿ. ಆನೆಗೆ ಒಡೆಯ ಸರ್ಕಾರ ಎಂದು ನಾವು ಒಪ್ಪಿಕೊಂಡಿದ್ದೇವೆ. ಮರಕ್ಕೆ ಒಡೆಯನಿದ್ದರೂ ಬೀಳುವಿಕೆಗೆ ಒಡೆಯನಿಲ್ಲ. ಹಾಗೆಂದು ಎರಡು ಎಕರೆಯ ತೋಟದವನ ಮೇಲೆ ಪೂರ್ತಿ ಹೊರೆ ಹೊರಿಸಿದರೆ ಅವನೂ ಮೇಲೇಳುವುದಿಲ್ಲ. ಎಷ್ಟೋ ಕಡೆ ಅವನೇ ಮರ ಹತ್ತುವವನು.

ಬಿದ್ದ ಮೇಲಿನ ಗಂಟೆ

ಇಲ್ಲಿ ಪಕ್ಷಭೇದ ಕಡಿಮೆ, ತಪ್ಪುಗಳು ಹೆಚ್ಚು. ಬಿದ್ದವನನ್ನು ಕಂಡ ಕೂಡಲೇ ನಾವು ಕೂರಿಸುತ್ತೇವೆ, ನೀರು ಕುಡಿಸುತ್ತೇವೆ, ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸುತ್ತೇವೆ. ಮುರಿದ ಬೆನ್ನೆಲುಬಿನೊಳಗೆ ಇನ್ನೂ ಜೀವವಿದ್ದ ಬೆನ್ನುಹುರಿ ಕತ್ತರಿಸಿಹೋಗುವುದು ಈ ಮಡಚುವಿಕೆಯಲ್ಲಿ. ಉಸಿರಾಡುತ್ತಿದ್ದರೆ ಬಿದ್ದಲ್ಲೇ ಇರಲಿ. ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯಲಿ. 2008ರಿಂದ ಇರುವ 108ಕ್ಕೆ ಕರೆ ಹೋಗಲಿ. ಗಾಡಿ ಬಾರದಿದ್ದರೆ ಮೂರ್ನಾಲ್ಕು ಜನ ಒಟ್ಟಿಗೆ, ಮೈ ತಿರುಚದಂತೆ ಹೊರಳಿಸಿ, ಹಲಗೆಯ ಮೇಲೆ ಅಥವಾ ಕಿತ್ತ ಬಾಗಿಲ ಮೇಲೆ ಮಲಗಿಸಿ ಕಟ್ಟಿ ಒಯ್ಯಬಹುದು. ಬಾಯಿಗೆ ಏನೂ ಬೇಡ. ಎದ್ದು ನಡೆದಾಡಿದರೂ ಒಂದು ದಿನ ಕಣ್ಣಿಡಬೇಕು: ಭುಜದ ನೋವು, ಹೊಟ್ಟೆ ಬಿಗಿತ, ತಣ್ಣಗಿನ ಬೆವರು, ಮೂತ್ರದಲ್ಲಿ ರಕ್ತ, ಅಥವಾ ಮೂತ್ರ ಬಾರದೇ ಇರುವುದು. ಇಲ್ಲಿಂದ ದೊಡ್ಡಾಸ್ಪತ್ರೆ ಎಂದರೆ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ಮಳೆಗಾಲದಲ್ಲಿ ಘಾಟಿ ತೆರೆದಿದೆಯೇ ಎಂಬುದೂ ಚಿಕಿತ್ಸೆಯ ಭಾಗವಾಗುತ್ತದೆ.

ಬೆನ್ನುಹುರಿ ಹೋದವನ ಬದುಕು ಆಸ್ಪತ್ರೆಯಿಂದ ಬಂದ ಮೇಲೆ ಶುರು. ಒತ್ತುಹುಣ್ಣು, ಮೂತ್ರದ ಸೋಂಕು, ಮಂಚಕ್ಕೆ ಕಟ್ಟಿದ ಮನೆ. ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಇಂಥವರಿಗೆ ಗಾಲಿಕುರ್ಚಿಯಲ್ಲಿ ಬದುಕುವುದನ್ನು ಕಲಿಸುತ್ತಿದೆ. ಘಟ್ಟದ ಮೇಲಿನವರೂ ಇಳಿದು ಹೋಗಬೇಕಾದಷ್ಟು ಇದು ಅಪರೂಪದ ಸೌಲಭ್ಯ.

ಇತ್ಯರ್ಥವಾಗದ್ದು

ಮೊದಲನೆಯದು, ಎಣಿಕೆ. ನರಸಿಂಹರಾಜಪುರ, ಕೊಪ್ಪ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆಯ ಒಂದೊಂದು ಪ್ರಕರಣಕ್ಕೂ ಪ್ರತಿ ವರ್ಷ ಲೆಕ್ಕವಿದೆ. ಮರದಿಂದ ಬಿದ್ದವರಿಗಿಲ್ಲ. ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ‘ಮರದಿಂದ ಬೀಳುವುದು’ ಎಂಬುದಕ್ಕೆ ಡಬ್ಲ್ಯು-14 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪಟ್ಟಿಯಲ್ಲಿ ಮಾತ್ರ ಕಟ್ಟಡದಿಂದ ಬಿದ್ದವನೂ ಅಡಿಕೆ ಮರದಿಂದ ಬಿದ್ದವನೂ ‘ಎತ್ತರದಿಂದ ಬಿದ್ದು’ ಎಂಬ ಒಂದೇ ಸಾಲು. ಸತ್ತರೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ, ಆಗುತ್ತದೆ. ಬದುಕಿದರೆ ಅದೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ರಸ್ತೆ ಅಪಘಾತದ ಗಾಯಗಳನ್ನು ಎಣಿಸಿ ತೋರಿಸಿದೆ. ತೋಟದ ಗಾಯಗಳಿಗೆ ಆ ಕೆಲಸವನ್ನು ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಒಂದು ಹೆಚ್ಚಿನ ಕಾಲಮಿನಿಂದ ಶುರು ಮಾಡಬಹುದು, ಆದರೆ ಅದನ್ನು ತುಂಬುವವರು ಯಾರೆಂದು ಗೊತ್ತಿಲ್ಲ.

ದೋಟಿ ಬಂದ ಮೇಲೆ ಬೀಳುವವರು ಕಡಿಮೆಯಾದರೇ, ಕರೆಂಟಿಗೆ ಸಿಕ್ಕವರು ಹೆಚ್ಚಿದರೇ? ಎಣಿಸದೆ ಇದಕ್ಕೂ ಉತ್ತರವಿಲ್ಲ. ಗಿಡ್ಡ ತಳಿ ಮಲೆನಾಡಿನ ಕೆಂಪಡಿಕೆಯ ಮಾರುಕಟ್ಟೆಗೆ ಒಗ್ಗುತ್ತದೆಯೇ, ಎಲೆಚುಕ್ಕೆ ರೋಗದಲ್ಲಿ ಸೊರಗಿರುವ ತೋಟಗಳಲ್ಲಿ ಹಳೆ ಮರ ಕಡಿದು ಹೊಸ ಸಸಿ ಹಾಕುವ ಧೈರ್ಯ ಯಾರಿಗಿದೆ ಎಂಬುದು ಇನ್ನೊಂದು ಪ್ರಶ್ನೆ.

ಹಾರ್ನೆಸ್ಸಿನ ಮಾತೂ ಹಾಗೇ ನಿಂತಿದೆ. ಒಂದು ಮರವನ್ನು ಹತ್ತಿ ಇಳಿಯುವವನಿಗೆ ಹಗ್ಗ ಕಟ್ಟುವುದು ಗೊತ್ತು. ಆದರೆ ಕೊನೆಗಾರ ಮರವನ್ನು ತೂಗಿಸಿ, ಒಂದು ಕೈ ಈ ಮರದಲ್ಲಿ, ಒಂದು ಕೈ ಆ ಮರದ ಸೋಗೆಯಲ್ಲಿ ಇಟ್ಟು ದಾಟುವ ಆ ಮೂರು ನಾಲ್ಕು ಸೆಕೆಂಡು ಹಗ್ಗ ಯಾವ ಮರದಲ್ಲಿರಬೇಕು?